ನಮ್ಮ ಪಿಕಪ್ಪಿಗೆ ಹನ್ನೊಂದು ಹಲ್ಲು

ಗಾಡಿಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ಮೊನ್ನೆ ಮೊನ್ನೆಯವರೆಗೂ ನನ್ನ ದೃಢ ಅಭಿಪ್ರಾಯವಾಗಿತ್ತು. ಆರು ವರ್ಷದಿಂದ ಹೈದರಾಬಾದಿನಲ್ಲಿ ದಿನಾ ಪಿಕಪ್ ಓಡಿಸುತ್ತಿದ್ದೇನೆ. ಕೋಠಿಯ ಪುಸ್ತಕದಂಗಡಿಗಳ ಮುಂದೆ, ಹಿಂದೊಂದು ಬಸ್ಸು ಮುಂದೆ ನಾಲ್ಕು ಆಟೋ ನಿಂತಿದ್ದಾಗ, ಒಂದು ಗೀರೂ ಬೀಳದಂತೆ ಗಾಡಿ ತಿರುಗಿಸಿದವನು ನಾನು. ನಮ್ಮ ಬಸ್ತಿಯಲ್ಲಿ ಯಾರ ಗಾಡಿ ಕೆಟ್ಟು ನಿಂತರೂ, ತೆರೆದ ಬಾನೆಟ್ಟಿನ ಮುಂದೆ ಎರಡೂ ಕೈ ಸೊಂಟಕ್ಕಿಟ್ಟುಕೊಂಡು ಗಂಭೀರವಾಗಿ "ಹ್ಞೂಂ" ಎನ್ನುವ ಮೊದಲ ಮನುಷ್ಯನೂ ನಾನೇ. ರಿಪೇರಿ ಬರುವುದಿಲ್ಲ. ಅದು ಬೇರೆ ಮಾತು.

ನನ್ನ ಹೆಸರು ಬಸವರಾಜ. ಲಿಂಗಸೂಗೂರು ಕಡೆಯವನು. ಬಸ್ತಿಯವರ ಬಾಯಲ್ಲಿ ಬಸಣ್ಣ. ಹೆಂಡತಿ ಶಾಂತಾ ಜೋಳದ ರೊಟ್ಟಿಯ ವ್ಯಾಪಾರ ಮಾಡುತ್ತಾಳೆ. ಅಮೀರ್‌ಪೇಟೆಗೆ ಕೋಚಿಂಗಿಗೆಂದು ನಮ್ಮ ಕಡೆಯ ಹುಡುಗರು ಬಂದು ಹಾಸ್ಟೆಲ್‌ಗಳಲ್ಲಿ ಇರುತ್ತಾರಲ್ಲ, ಅವರಿಗೆ ಅನ್ನ ತಿಂದರೆ ಊಟ ಮಾಡಿದಂತೆಯೇ ಅನ್ನಿಸುವುದಿಲ್ಲ. ಅವರಿಗಾಗಿ ಶಾಂತಾ ಮತ್ತು ಇನ್ನೂ ಮೂವರು ಹೆಂಗಸರು ದಿನಾ ರೊಟ್ಟಿ ಬಡಿಯುತ್ತಾರೆ. ಅದನ್ನು ಗಾಡಿಯಲ್ಲಿ ಮುಟ್ಟಿಸುವುದು, ಮಾರ್ಕೆಟ್ಟಿನಿಂದ ಜೋಳದ ಚೀಲ ತರುವುದು ನನ್ನ ಇಲಾಖೆ. ನಾನು ಈ ಸಂಸ್ಥೆಯ ಸಾರಿಗೆ ಸಚಿವ ಎಂದು ಬಂದವರೆದುರು ಹೇಳಿಕೊಳ್ಳುತ್ತಿದ್ದೆ. ಶಾಂತಾ ಮಾತ್ರ "ನಮ್ಮ ಡ್ರೈವರ್" ಎನ್ನುತ್ತಿದ್ದಳು.

ಈಚೆಗೆ ಹಾಸ್ಟೆಲ್‌ಗಳಲ್ಲಿ ರೊಟ್ಟಿ ಕೇಳುವವರು ಕಡಿಮೆಯಾಗಿದ್ದರು. ನಮ್ಮ ಹೆಂಗಸರಲ್ಲಿ ಮಹಾದೇವಿ ಎಂಬಾಕೆ ಮೊದಲು ಕಟ್ಟಡದ ಕೆಲಸಕ್ಕೆ ಹೋಗಿ ಇಟ್ಟಿಗೆ ಹೊರುತ್ತಿದ್ದಳು. ಬೆನ್ನು ನೋವು ಬಂದು ಅದನ್ನು ಬಿಟ್ಟು ರೊಟ್ಟಿಗೆ ಬಂದಿದ್ದಳು. ಹೀಗೇ ಆದರೆ ಮತ್ತೆ ಇಟ್ಟಿಗೆಗೇ ಹೋಗಬೇಕು ಎಂಬುದು ಅವಳ ಹೆದರಿಕೆ. ಆಗ ಶಾಂತಾ ಗಚ್ಚಿಬೌಲಿಯ ದೊಡ್ಡದೊಂದು ಆಫೀಸಿನ ಕ್ಯಾಂಟೀನಿಗೆ ಬೆನ್ನು ಹತ್ತಿದಳು. ಎಂಟು ತಿಂಗಳು ಅಲೆದಳು. ಕೊನೆಗೆ ಅಲ್ಲಿನ ಮ್ಯಾನೇಜರು ಒಪ್ಪಿದರು. ಒಂದು ಶುಕ್ರವಾರ ಪರೀಕ್ಷೆ. ಅಲ್ಲೇ ಒಲೆ ಹಚ್ಚಿ, ಜನರ ಕಣ್ಣೆದುರೇ ಬಿಸಿ ರೊಟ್ಟಿ ಬಡಿದು ಕೊಡಬೇಕು. ಚೆನ್ನಾಗಿದ್ದರೆ ದಿನಾ ಆರ್ಡರ್. ಊಟ ಶುರುವಾಗುವುದು ಹನ್ನೆರಡೂವರೆಗೆ, ಸಾಮಾನು ಗೇಟಿನೊಳಗೆ ಬರಬೇಕಾದ್ದು ಹನ್ನೆರಡಕ್ಕೆ. ತಡವಾಗಿ ಬಂದ ಇಬ್ಬರನ್ನು ಆ ಮ್ಯಾನೇಜರು ಗೇಟಿನಿಂದಲೇ ವಾಪಸು ಕಳಿಸಿದ್ದರಂತೆ.

ಸರಿಯಾಗಿ ಆ ವಾರವೇ ನಮ್ಮ ಗಾಡಿಯ ಹಿಂದಿನ ಆಕ್ಸಲ್ "ಊಂ..." ಎಂದು ರಾಗ ತೆಗೆಯಲು ಶುರುಮಾಡಿತು.

"ಏನ್ರಿ ಅದು? ಹಿಂದ ಯಾರೋ ಕುಂತು ಅಳಾಕತ್ತಂಗೈತಿ!" ಎಂದಳು ಶಾಂತಾ.

"ಗಾಡಿ ಅಂದ್ಮ್ಯಾಲೆ ಸಪ್ಪಳ ಇದ್ದದ್ದ. ನೀ ಸುಮ್ಕಿರು."

ಎರಡು ದಿನದಲ್ಲಿ ಆ ಅಳು ಬೊಬ್ಬೆಯಾಯಿತು. ಖಾಜಾ ಮಿಯಾನ ಗ್ಯಾರೇಜಿಗೆ ಹೋದೆ. ಖಾಜಾ ಮಿಯಾ ಕಲಬುರಗಿಯವನು, ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಆಕ್ಸಲ್ ಬಿಚ್ಚಿ, ಒಳಗಿನಿಂದ ಎರಡು ಗೇರು ತೆಗೆದು ನನ್ನ ಮುಂದಿಟ್ಟ. ಒಂದು ತಟ್ಟೆಯಗಲದ್ದು, ಅದಕ್ಕೆ ಕ್ರೌನ್ ಎನ್ನುತ್ತಾರೆ. ಇನ್ನೊಂದು ಮುಷ್ಟಿಗಾತ್ರದ್ದು, ಪಿನಿಯನ್. ಎರಡರ ಹಲ್ಲೂ ಸವೆದು ಹೋಗಿದ್ದವು.

"ಎರಡೂ ಹೊಸಾವು ಹಾಕಬೇಕ್ರಿ ಭಾಯಿ," ಎಂದ. "ಈಗ ಇರೋದು ಆಠ್-ಇಕ್ತಾಲೀಸ್. ದೊಡ್ಡದಕ್ಕ ನಲವತ್ತೊಂದು ಹಲ್ಲು, ಸಣ್ಣದಕ್ಕ ಎಂಟು. ಸಣ್ಣದು ಐದು ಸುತ್ತು ತಿರುಗಿದ್ರ ಗಾಲಿ ಒಂದು ಸುತ್ತು. ಸ್ಪೀಡ್ ಕಮ್ಮಿ, ಆದ್ರ ತಾಕತ್ತು ಜಬರ್‌ದಸ್ತ್ ಅದ. ಇದನ್ನೇ ಹಾಕ್ಲ್ಯಾ?"

ಇಲ್ಲಿ "ಹ್ಞೂಂ" ಎಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನಾನು ಕೇಳಿದೆ: "ಬ್ಯಾರೇ ಯಾವುದು ಐತಿ?"

"ಗ್ಯಾರಾ-ಇಕ್ತಾಲೀಸ್ ಅದ. ಸಣ್ಣದಕ್ಕ ಹನ್ನೊಂದು ಹಲ್ಲು. ಗಾಡಿ ಓಡ್ತದ ನೋಡ್ರಿ, ಹವಾ! ಡೀಸೆಲ್ ಭೀ ಉಳೀತದ. ಆದ್ರ ಎಳಿಯೋ ತಾಕತ್ತು ಕಮ್ಮಿ. ಖಾಲಿ ಗಾಡಿ, ಸಪಾಟ ರಸ್ತಾ ಇದ್ದವರಿಗಿ ಅದು."

ಯೋಚಿಸಿ ಹೇಳುತ್ತೇನೆಂದು ಮನೆಗೆ ಬಂದೆ. ಎರಡು ದಿನ ಮೊಬೈಲಿನಲ್ಲಿ ಈ ವಿಷಯದ ಸಮಗ್ರ ಅಧ್ಯಯನ ಕೈಗೊಂಡೆ. ಅಮೆರಿಕಾದ ದಢೂತಿ ಗೃಹಸ್ಥರು ತಮ್ಮ ಪಿಕಪ್ಪುಗಳ ಹಿಂದೆ ದೋಣಿ ಕಟ್ಟಿಕೊಂಡು ಆಕ್ಸಲ್ ರೇಷಿಯೋ ಕುರಿತು ಉಪನ್ಯಾಸ ಮಾಡುವುದನ್ನು ಕೇಳಿದೆ. ಅವರ ಇಂಗ್ಲಿಷಿನಲ್ಲಿ ಕಾಲುಭಾಗ ತಿಳಿಯಿತು. ಉಳಿದದ್ದನ್ನು ನಾನೇ ತುಂಬಿಕೊಂಡೆ. ಎಂಟು ಹಲ್ಲಿನ ಗಾಡಿ ಮುದುಕರ ಗಾಡಿ, ಹನ್ನೊಂದು ಹಲ್ಲಿನದು ಗಂಡಸರ ಗಾಡಿ ಎಂಬ ತೀರ್ಮಾನಕ್ಕೆ ಬಂದೆ!

"ಇದ್ದದ್ದನ್ನ ಹಾಕಸ್ರಿ," ಎಂದಳು ಶಾಂತಾ. "ಶುಕ್ರವಾರ ಮುಗೀಲಿ, ಆಮ್ಯಾಲೆ ನಿಮಗ ಬೇಕಾದಷ್ಟು ಹಲ್ಲು ಕಟ್ಟಿಸ್ಕೊಳ್ರಿ."

"ಶಾಂತಾ, ನೀ ರೊಟ್ಟಿ ಬಡಿಯೋವಾಗ ನಾ ಏನರ ಹೇಳ್ತೀನೇನು?"

"ದಿನಾ ಹೇಳ್ತೀರಿ!"

ಅದು ನಿಜವಾದ್ದರಿಂದ ನಾನು ಚರ್ಚೆಯನ್ನು ಅಲ್ಲಿಗೇ ಮುಕ್ತಾಯಗೊಳಿಸಿದೆ.

ಬುಧವಾರ ಖಾಜಾ ಮಿಯಾ ಹೊಸ ಗೇರು ತರುವ ಮೊದಲು ನನ್ನನ್ನು ಎದುರಿಗೆ ಕೂರಿಸಿಕೊಂಡ. "ನೋಡ್ರಿ ಭಾಯಿ, ಒಂದೇ ಮಾತು ಕೇಳ್ತೀನಿ, ಖರೇ ಹೇಳ್ರಿ. ದಿನಾ ಎಷ್ಟು ಲೋಡ್ ಹಾಕ್ತೀರಿ?"

ಲೋಡ್ ಗಾಡಿಯವರಲ್ಲಿ ಒಂದು ಪದ್ಧತಿಯಿದೆ. ಎಷ್ಟು ಲೋಡ್ ಎಂದು ಯಾರು ಕೇಳಿದರೂ ಅರ್ಧ ಹೇಳುವುದು. ಹಾಗೆ ಕೇಳುವವರು ಸಾಮಾನ್ಯವಾಗಿ ಖಾಕಿ ಹಾಕಿರುತ್ತಾರೆ, ಕೈಯಲ್ಲಿ ಪುಸ್ತಕವೋ ಮಷಿನ್ನೋ ಇರುತ್ತದೆ. ಆರು ವರ್ಷದಲ್ಲಿ ಈ ಉತ್ತರ ನನ್ನ ನಾಲಿಗೆಗೆ ಎಷ್ಟು ರೂಢಿಯಾಗಿತ್ತೆಂದರೆ, ನಿದ್ದೆಯಲ್ಲಿ ಕೇಳಿದರೂ ಅರ್ಧವೇ ಬರುತ್ತಿತ್ತು. ಖಾಜಾ ಮಿಯಾ ಹಾಕಿದ್ದದ್ದೂ ಖಾಕಿ ಅಂಗಿಯೇ! ಅವನ ಕೈಯಲ್ಲಿದ್ದದ್ದು ಬರೀ ನಟ್ಟು ಬಿಚ್ಚುವ ಪಾನಾ, ಆದರೆ ನನ್ನ ನಾಲಿಗೆ ಅಷ್ಟೆಲ್ಲ ನೋಡಲಿಲ್ಲ.

"ಐದನೂರು ಕಿಲೋ," ಎಂದೆ. ನಿಜವಾಗಿ ಇದ್ದದ್ದು ಒಂದು ಟನ್ನು.

ಅವನು ನನ್ನ ಮುಖ ನೋಡಿ ನಕ್ಕ. ಆ ನಗು ನನಗೆ ಸೇರಲಿಲ್ಲ. ಸಿಟ್ಟು ಬಂತು.

"ಯಾಕ? ನಂಬಿಕಿ ಇಲ್ಲೇನು? ನಮ್ಮ ಮನಿದೇವ್ರ ಆಣಿ ಮಾಡಿ ಹೇಳ್ತೀನಿ. ಐದನೂರು ಅಂದ್ರ ಐದನೂರು! ಅದೂ ಎಲ್ಲಾ ಸಪಾಟ ರಸ್ತಾ. ಏರು ಅನ್ನೋದ ಇಲ್ಲ!"

ಖಾಜಾ ಮಿಯಾ ನಗುವುದನ್ನು ನಿಲ್ಲಿಸಿದ. "ದೇವರ ಆಣಿ ಅಂದ್ರ ಆಯ್ತು ಭಾಯಿ," ಎಂದು ಎದ್ದು ಹೋಗಿ ಹನ್ನೊಂದು ಹಲ್ಲಿನದನ್ನೇ ತಂದು ಕೂರಿಸಿದ.

ಗುರುವಾರ ಬೆಳಿಗ್ಗೆ ಪ್ರಾಯೋಗಿಕ ಓಡಾಟ. ಖಾಲಿ ಗಾಡಿಯಲ್ಲಿ ಶಾಂತಾಳನ್ನು ಕೂರಿಸಿಕೊಂಡು ಔಟರ್ ರಿಂಗ್ ರೋಡಿಗೆ ಏರಿದೆ. ಆಹಾ! ಗಾಡಿ ಹಾರುತ್ತಿತ್ತು. ಇಂಜಿನ್ನು ಉಸಿರೇ ಎತ್ತದೆ ಓಡುತ್ತಿತ್ತು. ಕಾರುಗಳನ್ನು ಹಿಂದೆ ಹಾಕಿದೆ.

"ಮೀಟರ್ ಅರವತ್ತ ತೋರಸಾಕತ್ತೈತಿ. ಅರವತ್ತಕ್ಕ ಇಷ್ಟು ಗಾಳಿ ಬರ್ತೈತೇನ್ರಿ?" ಎಂದಳು ಶಾಂತಾ, ತಲೆಯ ಮೇಲಿನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ಅದ ನೋಡು ಹೊಸ ಗೇರಿನ ಮಜಾ!"

ಹೊಸ ಗೇರಿನ ನಿಜವಾದ ಮಜಾ ಮಧ್ಯಾಹ್ನ ಮೊಬೈಲಿಗೆ ಬಂತು. ವೇಗದ ಮಿತಿ ಮೀರಿದ್ದಕ್ಕೆ ಪೊಲೀಸರ ನೋಟಿಸು, ಜೊತೆಗೆ ನನ್ನ ಗಾಡಿಯ ಫೋಟೋ. ಖಾಜಾ ಮಿಯಾನಿಗೆ ಫೋನ್ ಮಾಡಿ ರೇಗಿದೆ. ಹಿಂದಿನ ಹಲ್ಲು ಬದಲಾದರೆ ಮುಂದಿನ ಮೀಟರು ಸುಳ್ಳು ಹೇಳುತ್ತದೆ, ಅರವತ್ತು ಎಂದರೆ ಎಂಬತ್ತರ ಮೇಲೆ ಎಂದು ಗೇರು ಹಾಕುವಾಗಲೇ ಹೇಳಿದ್ದೆನಲ್ಲ ಎಂದ. ಹೇಳಿದ್ದನೇನೋ. ಆಗ ನಾನು ಅಮೆರಿಕಾದ ದೋಣಿಗಳ ಬಗ್ಗೆ ಅವನಿಗೆ ವಿವರಿಸುತ್ತಿದ್ದೆ.

"ಫೋಟೋ ಭಾಳ ಚೊಲೊ ಬಂದೈತಿ," ಎಂದಳು ಶಾಂತಾ. "ನಾನೂ ಕಾಣಾಕತ್ತೀನಿ."

ಆದರೆ ಈ ನೋಟಿಸಿನಿಂದ ನನ್ನ ಆತ್ಮವಿಶ್ವಾಸ ಹೆಚ್ಚಿತು! ಗಾಡಿಯ ವೇಗಕ್ಕೆ ಸರ್ಕಾರವೇ ಸರ್ಟಿಫಿಕೇಟು ಕೊಟ್ಟಿತ್ತಲ್ಲ. ಶುಕ್ರವಾರ ಎಂಟೂವರೆಗೇ ಹೊರಡೋಣ ಎಂದು ಶಾಂತಾ ಗೋಗರೆದಳು. ಹತ್ತೂಕಾಲಿಗೆ ಹೊರಟರೂ ಹನ್ನೊಂದಕ್ಕೆ ಗಚ್ಚಿಬೌಲಿಯಲ್ಲಿ ಇರುತ್ತೇವೆ, ಪಲ್ಯ ಬಿಸಿ ಇರಬೇಕೋ ಬೇಡವೋ ಎಂದು ಕೇಳಿದೆ. ಪಲ್ಯದ ಮಾತಿಗೆ ಅವಳು ಸೋತಳು.

ಹೆಚ್ಚಿದ ಆತ್ಮವಿಶ್ವಾಸದ ಎರಡನೇ ಫಲ ನಮ್ಮ ಪಕ್ಕದ ಮನೆಯ ಯಾದಗಿರಿ ಅಣ್ಣನ ರೂಪದಲ್ಲಿ ಬಂತು. ಶುಕ್ರವಾರ ಬೆಳಿಗ್ಗೆ, ಶಾಂತಾ ಒಳಗೆ ಎಣ್ಣೆಗಾಯಿಗೆ ಮಸಾಲೆ ತುಂಬುತ್ತಿದ್ದಾಗ, ಅವನು ಹಲ್ಲು ಕಿರಿಯುತ್ತಾ ಗಾಡಿಯ ಪಕ್ಕ ನಿಂತ. "ಬಸಣ್ಣಾ, ಗಚ್ಚಿಬೌಲಿ ಪೋತುನ್ನಾವಂಟ ಕದಾ? ಚಿನ್ನ ಪನಿ ಅನ್ನಾ!"

ನಾವು ಗಚ್ಚಿಬೌಲಿಗೆ ಹೋಗುವ ಸುದ್ದಿ ಅವನಿಗೆ ಮುಟ್ಟಿತ್ತು. ಅವನು ಹೇಳಿದ ಚಿಕ್ಕ ಕೆಲಸ ಎಂದರೆ, ಅವನ ಅಳಿಯನ ಹೊಸ ಮನೆಯ ಮೆಟ್ಟಿಲಿಗೆ ಎಂಟು ಗ್ರಾನೈಟ್ ಹಲಗೆಗಳನ್ನು ಮುಟ್ಟಿಸುವುದು. ಒಂದೊಂದನ್ನು ಎತ್ತಲು ಇಬ್ಬರು ಬೇಕು. ಆಗುವುದಿಲ್ಲ ಎಂದು ಹೇಳಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಅವನು, "ನೀ ಹೊಸ ಗೇರು ಭಾರಿ ಉಂದಂಟ ಕದಾ, ಬಸ್ತಿ ಅಂತಾ ಅದೇ ಮಾತು!" ಎಂದುಬಿಟ್ಟ. ಹೊಸ ಗೇರು ಭಾರಿ ಎಂದು ಬಸ್ತಿಗೆಲ್ಲಾ ಹೇಳಿಕೊಂಡು ಬಂದವನು ನಾನೇ. ಇನ್ನು ಇಲ್ಲ ಎನ್ನುವುದು ಹೇಗೆ? ಹಲಗೆಗಳು ಗಾಡಿಯ ತಳ ಸೇರಿದವು, ಜೊತೆಗೆ ನಾಲ್ಕಾರು ಚೂರು ಕಲ್ಲು. ಮೇಲೊಂದು ತಾಡಪತ್ರಿ ಹಾಸಿದೆ.

ಅದರ ಮೇಲೆ ಶಾಂತಾಳ ಸಂಸಾರ ಏರಿತು. ನಾಲ್ಕು ಕಬ್ಬಿಣದ ಹಂಚು, ನಾಲ್ಕು ಒಲೆ, ಸಿಲಿಂಡರುಗಳು, ಹಿಟ್ಟಿನ ಚೀಲ, ಎಣ್ಣೆಗಾಯಿ ಮತ್ತು ಕಾಳುಪಲ್ಯದ ಕೊಳಗಗಳು. ಕೊನೆಗೆ ಎರಡು ಡ್ರಮ್ಮು ನೀರು! ನಮ್ಮ ಬೋರಿನ ನೀರಲ್ಲಿ ನಾದಿದರೇ ಹಿಟ್ಟಿಗೆ ಜಿಗಿ ಬರುವುದು, ಆಫೀಸಿನ ನೀರಿನ ಮೇಲೆ ಭರವಸೆ ಇಲ್ಲ ಎಂಬುದು ಅವಳ ಹಟ.

"ಕೆಳಗ ಏನೋ ಎತ್ತರ ಕಾಣಸ್ತೈತಿ?" ಎಂದಳು.

"ಪಾತ್ರಿ ಅಲಗಾಡಬಾರದು ಅಂತ ಹಾಸೀನಿ," ಎಂದೆ. ಸುಳ್ಳೇನಲ್ಲ. ಪಾತ್ರೆ ಅಲುಗಾಡಲಿಲ್ಲ. ಗಾಡಿಯೇ ಅಲುಗಾಡಲಿಲ್ಲ!

ಮಹಾದೇವಿ ಮತ್ತು ಇನ್ನಿಬ್ಬರು ಮುಂಚೆಯೇ ಬಸ್ಸಿನಲ್ಲಿ ಗಚ್ಚಿಬೌಲಿಗೆ ಹೋಗಿದ್ದರು. ನಾವು ಹೊರಟದ್ದು ಹತ್ತೂ ಇಪ್ಪತ್ತಕ್ಕೆ. ಗಲ್ಲಿ ದಾಟುವುದರೊಳಗೆ ಇಂಜಿನ್ ಎರಡು ಸಲ ಬಂದ್ ಬಿತ್ತು. ಹೊಸ ಗೇರು, ರೂಢಿಯಾಗಬೇಕು ಎಂದೆ. ಪ್ರತಿ ಸಿಗ್ನಲ್ಲಿನಲ್ಲೂ ಗಾಡಿ ಎಬ್ಬಿಸಲು ಕ್ಲಚ್ಚನ್ನು ಅರ್ಧ ಹಿಡಿದು ಎಕ್ಸಲರೇಟರ್ ಒತ್ತಿ ಒತ್ತಿ ಕಾಲು ನಡುಗತೊಡಗಿತು.

"ಏನೋ ಸುಟ್ಟ ವಾಸನಿ ಬರಾಕತ್ತೈತಲ್ರಿ."

"ಬದನಿಕಾಯಿ ಇರಬೇಕು."

"ನನ್ನ ಬದನಿಕಾಯಿ ಎಂದೂ ಹಂಗ ನಾರಿಲ್ಲ!"

ಹತ್ತೂ ಐವತ್ತು. ಸಪಾಟಾದ ಸುತ್ತಿನ ದಾರಿ ಮೊಬೈಲಿನ ಮ್ಯಾಪಿನಲ್ಲಿ ತುದಿಯಿಂದ ತುದಿಗೆ ಕೆಂಪಾಗಿತ್ತು. ಹನ್ನೊಂದಕ್ಕೆ ಮುಟ್ಟಿಸುತ್ತೇನೆ ಎಂದು ಎದೆ ತಟ್ಟಿಕೊಂಡವನು ನಾನು. ಜುಬಿಲಿ ಹಿಲ್ಸ್ ಗುಡ್ಡದ ಮೇಲಿಂದ ಹೋದರೆ ಹತ್ತಿರ. ಸ್ಟೇರಿಂಗ್ ತಿರುಗಿಸಿದೆ.

ಏರಿನ ಅರ್ಧದವರೆಗೆ ಗಾಡಿ ಮೊದಲನೇ ಗೇರಿನಲ್ಲಿ ನರಳುತ್ತಾ ಬಂತು. ಅಲ್ಲಿ ಮುಂದಿನ ಕಾರು ಬ್ರೇಕ್ ಹಾಕಿತು. ನಾನೂ ಹಾಕಿದೆ. ಕಾರು ಹೋಯಿತು. ನಾನು ಹೋಗಲಿಲ್ಲ.

ಕ್ಲಚ್ ಬಿಟ್ಟೆ, ಇಂಜಿನ್ ಬಂದ್. ಮತ್ತೆ ಬಿಟ್ಟೆ, ಮತ್ತೆ ಬಂದ್. ಮೂರನೇ ಸಲ ಬ್ರೇಕ್ ಬಿಟ್ಟ ಕೂಡಲೇ ಗಾಡಿ ಹಿಂದಕ್ಕೆ ಜಾರಿತು! ಹಿಂದೆ ಕಾರುಗಳ ಸಾಲು, ಎಲ್ಲವೂ ಒಟ್ಟಿಗೇ ಹಾರ್ನ್ ಹೊಡೆದವು. ನಾನು ಎರಡೂ ಕಾಲಲ್ಲಿ ಬ್ರೇಕ್ ತುಳಿದು ಹಿಡಿದೆ, ಕೈಬ್ರೇಕನ್ನು ಕಿತ್ತು ಬರುವಂತೆ ಎಳೆದೆ. ಅದು ಅಷ್ಟು ಭಾರ ತಡೆಯುವಂತಿರಲಿಲ್ಲ. ಬೆನ್ನ ತುಂಬಾ ಬೆವರು.

"ಗಾಲಿಗೆ ಕಲ್ಲು ಕೊಡು! ಶಾಂತಾ, ಕಲ್ಲು!" ಎಂದು ಕೂಗಿದೆ.

ಅವಳು ಹಾರಿ ಇಳಿದಳು. ಹೈದರಾಬಾದ್ ಎಂದರೇ ಬಂಡೆಗಳ ಊರು, ಎಲ್ಲಿ ನೋಡಿದರೂ ಕಲ್ಲು. ಆದರೆ ಆ ಬಂಗಲೆಗಳ ರಸ್ತೆಯನ್ನು ಎಷ್ಟು ನೀಟಾಗಿ ಗುಡಿಸಿದ್ದರೆಂದರೆ ಒಂದು ಹರಳೂ ಇರಲಿಲ್ಲ. ಆ ಕಡೆ ಓಡಿದಳು, ಈ ಕಡೆ ಓಡಿದಳು. ಕೊನೆಗೆ ಗಾಡಿಯಲ್ಲೇ ಏನಾದರೂ ಭಾರದ್ದು ಸಿಗಬಹುದೆಂದು ಹಿಂದೆ ಹತ್ತಿ ತಾಡಪತ್ರಿಯ ಅಂಚು ಎತ್ತಿದಳು.

ಕಲ್ಲು ಎಳೆದ ಸದ್ದು ಬಂತು.

ಆಮೇಲೆ ಹಿಂದಿನ ಗಾಲಿಗಳ ಕೆಳಗೆ ಒಂದಾದ ಮೇಲೊಂದು "ಧಡ್, ಧಡ್" ಎಂದು ಚೂರು ಕಲ್ಲು ಬಿದ್ದವು. ಗಾಡಿ ನಿಂತಿತು. ಶಾಂತಾ ನಿಧಾನವಾಗಿ ನನ್ನ ಕಿಟಕಿಯ ಬಳಿ ಬಂದಳು. ಅವಳ ಕೈಯಲ್ಲಿ ಇನ್ನೂ ಒಂದು ಗ್ರಾನೈಟ್ ಚೂರಿತ್ತು.

"ಇದೇನ್ರಿ?"

ನಾನು ಅದನ್ನು ಮೊದಲ ಸಲ ನೋಡುತ್ತಿರುವವನಂತೆ ನೋಡಿದೆ. "ಯಾದಗಿರಿ ಅಣ್ಣಂದು..." ಎಂದೆ.

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಮಹಾದೇವಿ. ಶಾಂತಾ ಸ್ಪೀಕರಿಗೆ ಹಾಕಿದಳು. "ಅಕ್ಕಾ, ಎಲ್ಲದೀರಿ? ಹನ್ನೊಂದೂ ಹತ್ತಾತು. ಮ್ಯಾನೇಜರ್ ಸಾಹೇಬ್ರು ಎರಡು ಸಲ ಬಂದು ಒಲಿ ಎಲ್ಲಿ ಅಂತ ಕೇಳಿ ಹೋದ್ರು. ನಾವು ಮೂರೂ ಮಂದಿ ಬರೇ ಕೈಯಾಗ ನಿಂತೀವಿ."

"ಬಂದ್ವಿ ಮಹಾದೇವಿ. ಇಲ್ಲೇ ಅದೀವಿ," ಎಂದಳು ಶಾಂತಾ. ಅವಳೂ ಸುಳ್ಳು ಹೇಳುವಂತೆ ಮಾಡಿದ್ದೆ ನಾನು.

ನಾನು ಖಾಜಾ ಮಿಯಾನಿಗೆ ಫೋನ್ ಹಚ್ಚಿದೆ. "ಎಂಥ ಗೇರು ಹಾಕಿ ಕೊಟ್ಟಿಯೋ ಮಾರಾಯ! ಗಾಡಿ ಏರು ಹತ್ತವಲ್ದು!"

"ಎಷ್ಟು ಲೋಡ್ ಅದ?"

"ಒಂದೂವರಿ ಟನ್ ಆಗಬಹುದು," ಎಂದೆ. ಆರು ವರ್ಷದಲ್ಲಿ ಮೊದಲ ಸಲ ನಿಜ ಹೇಳಿದ್ದೆ.

ಆ ಕಡೆಯಿಂದ ಉಸಿರು ಎಳೆದುಕೊಂಡ ಸದ್ದು ಬಂತು. "ಯಾ ಅಲ್ಲಾ! ಐದನೂರು ಅಂದ್ರೆಲ್ರಿ ಭಾಯಿ! ಇಪ್ಪತ್ತು ವರ್ಷ ಆಯ್ತು, ಯಾರು ಎಷ್ಟು ಲೋಡ್ ಹೇಳಿದ್ರೂ ನಾ ಡಬಲ್ ಹಿಡೀತೀನಿ. ಎಲ್ಲಾರೂ ಅರ್ಧಾನೇ ಹೇಳ್ತಾರ, ನಂಗ ಗೊತ್ತದ. ನೀವು ಐದನೂರು ಅಂದಾಗ ಭೀ ಸಾವಿರ ಅಂತ ಹಿಡಿದು ಎಂಟು ಹಲ್ಲಿಂದೇ ಹಾಕಾವ ಇದ್ದೆ. ನೀವು ದೇವರ ಆಣಿ ಮಾಡಿದ್ರಿ! ಜಿಂದಗ್ಯಾಗ ಒಬ್ಬಾವನ ಮಾತು ನಂಬಿದೆ ನೋಡ್ರಿ, ನಿಮ್ಮದು!"

ನೋಡಿ ನನ್ನ ಹಣೆಬರಹ! ಬರೀ ಸುಳ್ಳು ಹೇಳಿ ಸುಮ್ಮನಿದ್ದಿದ್ದರೂ ಬಚಾವಾಗುತ್ತಿದ್ದೆ. ನಂಬಿಸಲು ಹೋಗಿ ಕೆಟ್ಟೆ. "ಈಗೇನು ಮಾಡ್ಲಿ?" ಎಂದು ಅಳುವ ದನಿಯಲ್ಲಿ ಕೇಳಿದೆ.

"ಲೋಡ್ ಇಳಸ್ರಿ. ಆಮ್ಯಾಗ ಗಾಡಿ ತಿರುಗಿಸಿ ರಿವರ್ಸ್‌ನಾಗ ಹತ್ತಿಸ್ರಿ. ನಿಮ್ಮ ಗಾಡ್ಯಾಗ ಎಲ್ಲಾದಕಿಂತ ತಾಕತ್ತಿನ ಗೇರು ಈಗ ಅದೊಂದೇ ಅದ."

ಅಷ್ಟರಲ್ಲಿ ಟ್ರಾಫಿಕ್ ಕಾನ್‌ಸ್ಟೇಬಲ್ ಬಂದ. "ಏಮಯ್ಯಾ! ಸಿಎಂ ರೂಟ್‌ಲಾ ಪೆಟ್ಟಿನಾವ್ ಬಂಡಿ! ತೀಯ್, ತೀಯ್!" ಮುಖ್ಯಮಂತ್ರಿ ಓಡಾಡುವ ದಾರಿಯಿಂದ ಗಾಡಿ ತೆಗೆಯಲಾಗುವಂತಿದ್ದರೆ ನಾನು ಅಲ್ಲಿ ಯಾಕೆ ಇರುತ್ತಿದ್ದೆ ಎಂದು ತೆಲುಗಿನಲ್ಲಿ ಹೇಳಲು ಪದ ಹುಡುಕುತ್ತಿದ್ದೆ. ಶಾಂತಾ ನನ್ನನ್ನು ದಾಟಿ ಅವನ ಮುಂದೆ ಹೋಗಿ ನಿಂತಳು. ಅವಳ ತೆಲುಗು ನನ್ನದಕ್ಕಿಂತ ಕೆಟ್ಟದ್ದು. ಆದರೂ ಮೂರು ಮಾತಿನಲ್ಲಿ ಎಲ್ಲ ಹೇಳಿದಳು: ಅನ್ನಾ, ಹನ್ನೆರಡು ಗಂಟೆ, ಮುನ್ನೂರು ಮಂದಿ, ಊಟ. ಊಟದ ಮಾತಿಗೆ ಅವನ ಮುಖ ಸಡಿಲಾಯಿತು. ಕೆಳಗಿನಿಂದ ಸಾಮಾನು ಹೊರುವ ಎರಡು ಖಾಲಿ ಟ್ರಾಲಿ ಆಟೋಗಳು ಬರುತ್ತಿದ್ದವು. ಅಡ್ಡ ನಿಂತು ಎರಡನ್ನೂ ಹಿಡಿದ.

"ಶಾಂತಾ, ಐದು ನಿಮಿಷ ಕೊಡು. ಇನ್ನೊಂದ್ಸಲ ನೋಡ್ತೀನಿ," ಎಂದೆ. ಆ ಮೂರು ಗಾಲಿಯ ಗಾಡಿಗಳಲ್ಲಿ ನನ್ನ ಗಾಡಿಯ ಸಾಮಾನು ಹೋಗುವುದೆಂದರೆ!

ಆಗ ಅವಳು ತಿರುಗಿ ನೋಡಿದಳು. ಕಣ್ಣಲ್ಲಿ ನೀರಿತ್ತು. "ಎಂಟು ತಿಂಗಳು ಆ ಗೇಟಿನ ಮುಂದ ನಿಂತೀನ್ರಿ ನಾನು. ಬಿಸಿಲಾಗ, ಚಪ್ಪಲಿ ಹರಿಯೂ ಮಟ. ನಿಮ್ಮ ಹನ್ನೊಂದು ಹಲ್ಲಿನ ಸಲುವಾಗಿ ಮಹಾದೇವಿ ಮತ್ತ ಇಟ್ಟಂಗಿ ಹೊರಬೇಕೇನು? ಹೇಳ್ರಿ, ಹೊರಬೇಕೇನು?"

ಮುಖ ತೋರಿಸಲೂ ನಾಚಿಕೆಯಾಯಿತು. ಇಳಿದು ಹೋಗಿ ಡ್ರಮ್ಮಿನ ಒಂದು ತುದಿ ಹಿಡಿದೆ. ಕಾನ್‌ಸ್ಟೇಬಲ್ ಬೈಯುತ್ತಲೇ ಇನ್ನೊಂದು ತುದಿ ಹಿಡಿದ. ಕೊಳಗ, ಒಲೆ, ಹಂಚು, ಹಿಟ್ಟು ಎಲ್ಲಾ ಎರಡು ಆಟೋಗಳಿಗೆ ಏರಿದವು. ಗಂಟೆ ಹನ್ನೊಂದೂವರೆ ಆಗಿತ್ತು. ಶಾಂತಾ ಮುಂದಿನ ಆಟೋದಲ್ಲಿ ಎಣ್ಣೆಗಾಯಿಯ ಕೊಳಗವನ್ನು ತೋಳಲ್ಲಿ ಅವುಚಿಕೊಂಡು ಕುಳಿತಳು. ಆ ಆಟೋಗಳು ನನ್ನ ಕಣ್ಣೆದುರೇ ಪಟಪಟ ಅನ್ನುತ್ತಾ ಏರು ಹತ್ತಿ ಮಾಯವಾದವು. ನಾನು ಮತ್ತು ಗ್ರಾನೈಟು ಉಳಿದೆವು.

ಆಮೇಲೆ ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ. ವಿವರ ಬೇಕಾದವರು ಮೊಬೈಲಿನಲ್ಲಿ ನೋಡಬಹುದು, ಏಕೆಂದರೆ ಕನಿಷ್ಠ ಹತ್ತು ಜನ ವಿಡಿಯೋ ಮಾಡಿದರು. ಕಾನ್‌ಸ್ಟೇಬಲ್ ವಾಹನಗಳನ್ನೆಲ್ಲಾ ತಡೆದ. ನಾನು ಗಾಡಿಯ ಮುಖವನ್ನು ಇಳಿಜಾರಿನ ಕಡೆ ತಿರುಗಿಸಿ, ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ಹೊರಳಿಸಿಕೊಂಡು, ಜುಬಿಲಿ ಹಿಲ್ಸಿನ ಗುಡ್ಡವನ್ನು ಹಿಮ್ಮುಖವಾಗಿ ಏರಿದೆ. ಕಾನ್‌ಸ್ಟೇಬಲ್ ಮುಂದೆ ಮುಂದೆ ನಡೆಯುತ್ತಾ ಸೀಟಿ ಊದುತ್ತಿದ್ದ. ಒಬ್ಬ ಹೆಂಗಸು ಬಂಗಲೆಯ ಬಾಲ್ಕನಿಯಿಂದ ಮಕ್ಕಳನ್ನು ಕರೆದು ತೋರಿಸಿದಳು. ನನ್ನ ತಲೆಯಲ್ಲಿ ಮಾತ್ರ ಒಂದೇ ಓಡುತ್ತಿತ್ತು. ಹನ್ನೆರಡರೊಳಗೆ ಮುಟ್ಟಿದಳೋ ಇಲ್ಲವೋ? ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ.

ಗುಡ್ಡ ಇಳಿದು, ತೆವಳುತ್ತಾ ಆ ಆಫೀಸಿನ ಗೇಟು ತಲುಪಿದಾಗ ಒಂದೂಕಾಲು. ಗಾರ್ಡು ಕೋಲು ಅಡ್ಡ ಹಿಡಿದ.

"ರೊಟ್ಟಿಯವರು ಬಂದ್ರಾ?" ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಹಿಂದಿಯಲ್ಲಿ ಕೇಳಿದೆ. ಅವನು ಒಂದು ಪಟ್ಟಿ ನೋಡಿದ, ನನ್ನ ಗಾಡಿ ನೋಡಿದ. "ತುಮ್ಹಾರಾ ಗಾಡಿ ಲಿಸ್ಟ್ ಮೇ ನಹೀಂ ಹೈ. ಸೈಡ್ ಮೇ ಲಗಾವ್." ಬಂದರೋ, ಗೇಟಿನಿಂದಲೇ ವಾಪಸು ಹೋದರೋ ಎಂದು ಮತ್ತೆ ಕೇಳಿದೆ. "ಸೈಡ್ ಮೇ ಲಗಾವ್!" ಎಂದ.

ಬದಿಗೆ ಹಚ್ಚಿ, ಬಿಸಿಲಲ್ಲಿ ಗೇಟಿನ ಸರಳು ಹಿಡಿದು ನಿಂತೆ. ಅವಳು ಯಾವುದೋ ರಸ್ತೆಬದಿಯಲ್ಲಿ ಕೊಳಗ ಇಟ್ಟುಕೊಂಡು ಕುಳಿತಿರುವಂತೆ, ಪಕ್ಕದಲ್ಲಿ ಮಹಾದೇವಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿರುವಂತೆ ಕಣ್ಣ ಮುಂದೆ ಬರುತ್ತಿತ್ತು. ಆಗ ಕುತ್ತಿಗೆಗೆ ಐಡಿ ಕಾರ್ಡು ನೇತುಹಾಕಿಕೊಂಡ ಇಬ್ಬರು ಹುಡುಗರು ಒಳಗಿನಿಂದ ಬಂದರು. ಬೆಂಗಳೂರು ಕಡೆಯವರು.

"ನೀನೆಷ್ಟು ತಿಂದೆ?"

"ನಾಲ್ಕು ಕಣೋ! ಆ ಆಂಟಿ ಬಡೀತಾನೇ ಇದ್ರು, ನಾನು ತಿಂತಾನೇ ಇದ್ದೆ. ಎಣ್ಣೆಗಾಯಿ ಅಂತೂ ಸಖತ್!"

ನನಗೆ ಅಲ್ಲೇ ಅಳು ಬಂತು. ಅಪ್ಪಿಕೊಳ್ಳೋಣವೆಂದು ಒಂದು ಹೆಜ್ಜೆ ಮುಂದಿಟ್ಟೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಅರ್ಧ ಗಂಟೆಯ ಮೇಲೆ ಶಾಂತಾ ಬಂದಳು. ಮುಂಗೈವರೆಗೂ ಹಿಟ್ಟು, ಮುಖದ ತುಂಬಾ ನಗು. ಜೊತೆಗೆ ಮ್ಯಾನೇಜರು. ಅವರು ಮಂಗಳೂರು ಕಡೆಯವರು.

"ರೊಟ್ಟಿ ಫಸ್ಟ್ ಕ್ಲಾಸ್ ಮಾರಾಯ್ರೆ! ಸೋಮವಾರದಿಂದ ದಿನಾ ಬರಲಿ," ಎನ್ನುತ್ತಿದ್ದರು. "ಆದ್ರೆ ಒಂದು ಮಾತು ಮೇಡಂ. ಸಾಮಾನು ಆ ಎರಡು ಆಟೋದವರ ಹತ್ರವೇ ಕಳಿಸ್ಬೇಕು ಆಯ್ತಾ? ಹನ್ನೆರಡಕ್ಕೆ ಐದು ನಿಮಿಷ ಇರುವಾಗ್ಲೇ ಗೇಟಲ್ಲಿ ಇದ್ರು ನೋಡಿ. ಇಷ್ಟು ಕರೆಕ್ಟಾಗಿ ಬರುವ ಗಾಡಿಯವರು ಈ ಊರಲ್ಲಿ ಸಿಗುದಿಲ್ಲ."

"ಆಗ್ಲಿ ಸರ್. ಅವರನ್ನ ಕಳಸ್ತೀನಿ," ಎಂದಳು ಶಾಂತಾ, ನನ್ನ ಕಡೆ ನೋಡದೆ.

ಆಗ ಮ್ಯಾನೇಜರ ಕಣ್ಣು ನನ್ನ ಮೇಲೆ ಬಿತ್ತು. ಬೆವರು, ಗ್ರೀಸು, ಒಂದೇ ಕಡೆಗೆ ತಿರುಗಿ ನಿಂತುಬಿಟ್ಟಿದ್ದ ಕುತ್ತಿಗೆ. ನನ್ನ ಹಿಂದೆ ಗಾಡಿ, ಗಾಡಿಯಲ್ಲಿ ಎಂಟು ಹಲಗೆ.

"ಇವರು ಯಾರು ಮೇಡಂ? ಆಗಿಂದ ಇಲ್ಲೇ ನಿಂತಿದ್ದಾರೆ."

ಶಾಂತಾ ನನ್ನನ್ನು ನೋಡಿದಳು. ಗಾಡಿಯನ್ನು ನೋಡಿದಳು.

"ಗ್ರಾನೈಟ್ ಸಪ್ಲಾಯ್ ಮಾಡ್ತಾರ್ರಿ," ಎಂದಳು.

ನಾನು ಎರಡೂ ಕೈ ಜೋಡಿಸಿದೆ. "ಹೌದ್ರಿ ಸರ್," ಎಂದೆ. "ಬೇಕಾದ್ರ ಹೇಳ್ರಿ."